ಬಾಣಂತನ ಮಾಡುವ ಅಜ್ಜಿಯ ಜೊತೆ ನನ್ನ ಕೆಲಸ

ನಾನು ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬುದು ನಮಗಿರುವ ನಿಯಮ. ಊರಿನ ಲೆಕ್ಕ ಬೇರೆ. ಐದನೇ ದಿನ ರಾತ್ರಿ ಸಟವಿ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಅಲ್ಲಿಯವರೆಗೆ ಹೊರಗಿನವರ ಕಣ್ಣು ಬೀಳಬಾರದು.

ಹಾಗಾಗಿ ನನ್ನ ಕೆಲಸ ಕುಬುಸದ, ಅಂದರೆ ಸೀಮಂತದ ದಿನವೇ ಶುರುವಾಗುತ್ತದೆ. ಉಡಿ ತುಂಬಲು ಕರೆದರೆ ತಪ್ಪದೆ ಹೋಗುತ್ತೇನೆ. ಚೊಚ್ಚಲ ಹೆರಿಗೆಗೆ ತವರಿಗೆ ಯಾವಾಗ ಹೋಗುವುದು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ತವರೂರಿನ ಆಶಾ ಕಾರ್ಯಕರ್ತೆಯ ಮೊಬೈಲ್ ನಂಬರನ್ನು ತಾಯಿ ಕಾರ್ಡಿನಲ್ಲಿ ಬರೆದುಕೊಡುತ್ತೇನೆ. ಇಲ್ಲದಿದ್ದರೆ ಗರ್ಭಿಣಿ ಎರಡೂ ಊರುಗಳ ಪಟ್ಟಿಯಿಂದ ತಪ್ಪಿಹೋಗುತ್ತಾಳೆ. ಹೆಚ್ಚು ಮಾತನಾಡುವುದು ಮಾತ್ರ ಬಾಣಂತನ ಮಾಡಲಿರುವ ಅಜ್ಜಿಯ ಜೊತೆ. ಎಳೆಯ ಹುಡುಗಿಗೆ ಎಷ್ಟು ತಿಳಿಸಿದರೂ ಆ ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಕೂಸನ್ನು ತೂಗುವುದು. ತೂಗಿದರೆ ದೃಷ್ಟಿಯಾಗಿ ಕೂಸು ಸೊರಗುತ್ತದೆ ಎಂಬ ಭಯ. ಮೊದಲ ವಾರ ತೂಕ ತುಸು ಇಳಿಯುವುದು ಸಹಜ, ಆದರೆ ಆ ಭಯಕ್ಕೆ ಅದೇ ಸಾಕ್ಷಿಯಾಗಿಬಿಡುತ್ತದೆ. ಇಳಿಯುತ್ತದೆ ಎಂದು ಅಜ್ಜಿಗೆ ಮೊದಲೇ ಹೇಳಿರುತ್ತೇನೆ. ಅವಳದೇ ಹಳೆಯ ಇಳಕಲ್ ಸೀರೆಯ ಮೆತ್ತನೆಯ ತುಂಡನ್ನು ತಕ್ಕಡಿಗೆ ತೂಗುಹಾಕಿ, ಮುಳ್ಳನ್ನು ಸೊನ್ನೆಗೆ ತಂದು, ಕೂಸನ್ನು ಅವಳ ಕೈಯಿಂದಲೇ ಅದರಲ್ಲಿ ಮಲಗಿಸುತ್ತೇನೆ. ಅಂಕಿಯನ್ನು ಗಟ್ಟಿಯಾಗಿ ಹೇಳುವುದಿಲ್ಲ. ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಅಜ್ಜಿಯನ್ನು ಪಕ್ಕಕ್ಕೆ ಕರೆದು ತಿಳಿಸುತ್ತೇನೆ. ಆಮೇಲೆ ಅವಳು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾಳೆ. ಅದು ಮುಗಿಯುವವರೆಗೂ ಕುಳಿತಿರುತ್ತೇನೆ.

ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ ನನಗೂ ಒಪ್ಪಿಗೆ. ನೀರು ಕುಡಿದರೆ ಬಾಣಂತಿಗೆ ಥಂಡಿಯಾಗುತ್ತದೆ ಎನ್ನುವವರು ಅಜವಾನ ಹಾಕಿ ಕುದಿಸಿದ ನೀರನ್ನು ಔಷಧವೆಂದೇ ಕೊಡುತ್ತಾರೆ. ಅದನ್ನೇ ಹಾಲೂಡಿಸಿದಾಗಲೆಲ್ಲ ಒಂದೊಂದು ಲೋಟ ಕೊಡಿ ಎನ್ನುತ್ತೇನೆ. ಕೂಸಿನ ಬಾಯಿಗೆ ಜೇನುತುಪ್ಪ, ಹೊಕ್ಕುಳಿಗೆ ಬೂದಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ, ಈ ವಿಷಯಗಳಲ್ಲಿ ಮಾತ್ರ ಸೋಲುವುದಿಲ್ಲ. "ಆಯಿ, ಬೆಚ್ಚಗಿಡುವುದಕ್ಕೆ ನಿಮ್ಮ ಮಗಳ ಎದೆಗಿಂತ ಬೇರೆ ಬೇಕೆ? ಅಲ್ಲಿಯೇ ಮಲಗಿಸಿ" ಎಂದರೆ ಬಹುತೇಕ ಅಜ್ಜಿಯರು ಕೆಂಡದ ಬುಟ್ಟಿಯನ್ನು ಪಡಸಾಲೆಗೆ ಸರಿಸುತ್ತಾರೆ.

ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಜ್ವರ ಬಂದರೆ, ಮೈ ತಣ್ಣಗಾದರೆ ಸಟವಿಯ ರಾತ್ರಿಯಾದರೂ 108ಕ್ಕೆ ಕರೆ ಮಾಡಬೇಕು. ಈ ಮಾತಿಗೆ ಅಜ್ಜಿಯ ಒಪ್ಪಿಗೆಯನ್ನು ಕುಬುಸದ ದಿನವೇ ಪಡೆದಿರುತ್ತೇನೆ.