ಮೃತ್ಯುಪತ್ರ ಮತ್ತು ಮುಖತ್ಯಾರ ಪತ್ರ: ಯಾವುದು ಎಲ್ಲಿಯವರೆಗೆ ನಡೆಯುತ್ತದೆ

ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ಈಗ ವಯಸ್ಸಾದ ತಂದೆತಾಯಿ ಇಬ್ಬರೇ ಇರುತ್ತಾರೆ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ, ಹೊಲ ಗದಗ ತಾಲೂಕಿನ ಮೂಲ ಊರಿನಲ್ಲಿ. ಹಿರಿಯರ ಆರೋಗ್ಯ ಸ್ವಲ್ಪ ಏರುಪೇರಾದ ಕೂಡಲೇ, ಮಗನ ಹೆಸರಿಗೆ ಮುಖತ್ಯಾರ ಪತ್ರ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಜಿಪಿಎ, ಮಾಡಿಸಿಟ್ಟರೆ ಮುಂದಿನದಕ್ಕೆಲ್ಲ ಸಾಕು ಎಂದು ತೀರ್ಮಾನಿಸಿಬಿಡುತ್ತಾರೆ. ಈ ತಿಳಿವಳಿಕೆ ತಪ್ಪು.

1872ರ ಭಾರತೀಯ ಕರಾರು ಅಧಿನಿಯಮದ 201ನೇ ಕಲಮಿನಂತೆ, ಪತ್ರ ಬರೆದುಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಮುಖತ್ಯಾರರ ಅಧಿಕಾರ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮಗ ಯಾವ ದಿನಕ್ಕೆಂದು ಪತ್ರವನ್ನು ಜೋಪಾನ ಮಾಡಿರುತ್ತಾನೋ, ತಂದೆಗೆ ಮರೆವಿನ ಕಾಯಿಲೆ ಬಲಿತ ಆ ದಿನವೇ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಮೃತ್ಯುಪತ್ರವಾದರೂ ಬರೆದವರ ಮರಣದ ನಂತರವಷ್ಟೇ ಜಾರಿಗೆ ಬರುತ್ತದೆ. ಇವೆರಡರ ನಡುವಿನ ಕಾಲಕ್ಕೆ ಬೇರೆ ಏರ್ಪಾಟು ಬೇಕು.

ಹಾಗೆಂದು ಮುಖತ್ಯಾರ ಪತ್ರ ನಿರುಪಯುಕ್ತವಲ್ಲ. ಬುದ್ಧಿ ಚುರುಕಾಗಿದ್ದು ಕಾಲು ಮಾತ್ರ ಸಾಗದ ಹಿರಿಯರಿಗೆ ಅದು ದೊಡ್ಡ ಅನುಕೂಲ. ಬಾಡಿಗೆ ವಸೂಲಿ, ಕಂದಾಯ ಕಟ್ಟುವುದು, ಬ್ಯಾಂಕ್ ವ್ಯವಹಾರ, ನ್ಯಾಯಾಲಯದ ಕೆಲಸ, ಇವುಗಳಲ್ಲಿ ಯಾವುದಕ್ಕೆ ಅಧಿಕಾರ ಕೊಡುತ್ತಿದ್ದೀರಿ ಎಂಬುದನ್ನು ಒಂದೊಂದಾಗಿ ಬರೆಯಿಸಿ. ಮಾರುವ ಅಧಿಕಾರವನ್ನು ನಿಜವಾಗಿ ಅಗತ್ಯವಿಲ್ಲದಿದ್ದರೆ ಸೇರಿಸಬೇಡಿ. ಪತ್ರ ಬರಹಗಾರರು ತಮ್ಮಲ್ಲಿರುವ ಹಳೆಯ ನಮೂನೆಯನ್ನೇ ಮುದ್ರಿಸಿಕೊಡುವಾಗ ಆ ಸಾಲು ಸದ್ದಿಲ್ಲದೆ ಒಳಗೆ ಸೇರಿರುತ್ತದೆ. ಜಮೀನು ಅಥವಾ ಮನೆಗೆ ಸಂಬಂಧಿಸಿದ ಪತ್ರವಾದರೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು ಕ್ಷೇಮ. ವಿದೇಶದಲ್ಲಿರುವ ಮಗಳು ಬರೆದುಕೊಡುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ಮಾಡಿ ಕಳಿಸಬಹುದು. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಜಿಪಿಎ ಆಧಾರದ ಮೇಲೆಯೇ ನಿವೇಶನ ಕೊಂಡರೆ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ನಡುವಿನ ಕಾಲಕ್ಕೆ ಮೊದಲ ಏರ್ಪಾಟೆಂದರೆ ದಿನದ ಖರ್ಚು ಮತ್ತು ಔಷಧಕ್ಕೆ ಬೇಕಾಗುವಷ್ಟು ಹಣವನ್ನು ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆಯಲ್ಲಿ ಇಡುವುದು. ಎರಡನೆಯದು ಚಿಕಿತ್ಸೆಯ ಬಗೆಗಿನ ಮುಂಗಡ ನಿರ್ದೇಶನ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಾನ್ಯತೆ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡು, ಗುಣವಾಗದ ಸ್ಥಿತಿಯಲ್ಲಿ ತಮ್ಮ ಪರವಾಗಿ ವೈದ್ಯರೊಂದಿಗೆ ಯಾರು ಮಾತನಾಡಬೇಕು ಎಂಬುದನ್ನು ಅದರಲ್ಲಿ ಹೆಸರಿಸಬಹುದು. ಈ ಯಾವುದನ್ನೂ ಮಾಡದೆ ಪ್ರಜ್ಞೆ ತಪ್ಪಿದವರ ಆಸ್ತಿಯನ್ನು ನಿರ್ವಹಿಸಬೇಕಾದಾಗ, ಪಾಲಕರ ನೇಮಕ ಕೋರಿ ಹೈಕೋರ್ಟಿನ ಮೊರೆ ಹೋಗಬೇಕಾಗಬಹುದು. ಪೀಠ ಧಾರವಾಡದಲ್ಲಿಯೇ ಇರುವುದಷ್ಟೇ ನಮ್ಮ ಭಾಗದವರಿಗೆ ಸಮಾಧಾನ.

ಮೃತ್ಯುಪತ್ರಕ್ಕೆ ಕೂರುವ ಮುನ್ನ ಹೊಲದ ಉತಾರ (ಪಹಣಿ), ಮನೆಯ ಸಿಟಿಎಸ್ ಉತಾರ (ನಗರ ಸರ್ವೆ ದಾಖಲೆ), ಹಳೆಯ ವಾಟ್ನಿ ಪತ್ರ (ಪಾಲುಪಟ್ಟಿ), ಖರೀದಿ ಪತ್ರಗಳನ್ನು ಒಂದೆಡೆ ಸೇರಿಸಿ ವಕೀಲರಿಗೆ ತೋರಿಸಿ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆ ತನ್ನ ಪಾಲನ್ನು ಮಾತ್ರ ಬರೆದಿಡಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಹಕ್ಕಿದೆ. ‘ಉತಾರದಲ್ಲಿ ನನ್ನೊಬ್ಬನದೇ ಹೆಸರಿದೆ’ ಎಂಬ ಧೈರ್ಯದಿಂದ ಎಂಟೆಕರೆಯನ್ನೂ ಒಬ್ಬ ಮಗನಿಗೆ ಬರೆದಿಟ್ಟರೆ ಅದು ವ್ಯಾಜ್ಯಕ್ಕೆ ದಾರಿಯಾಗುತ್ತದೆ. ಮುಸ್ಲಿಂ ಕುಟುಂಬಗಳಲ್ಲಿ ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದುದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ, ವಾರಸುದಾರರ ಒಪ್ಪಿಗೆಯಿಲ್ಲದೆ, ವಸೀಯತ್, ಅಂದರೆ ಮೃತ್ಯುಪತ್ರ, ಸಲ್ಲುತ್ತದೆ.

ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವೂ ಅಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆಯಬಹುದು. ಸರ್ವೆ ನಂಬರ್, ವಿಸ್ತೀರ್ಣ, ಚತುಃಸೀಮೆ ಉತಾರದಲ್ಲಿರುವಂತೆಯೇ ಇರಲಿ. ಪಟ್ಟಿಯಲ್ಲಿ ಬಿಟ್ಟುಹೋದ ಆಸ್ತಿ ಯಾರಿಗೆ ಎಂಬ ಸಾಲನ್ನು ಮರೆಯಬೇಡಿ. ಬರೆದವರ ಸಹಿಯನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳು ಅವರ ಎದುರಿನಲ್ಲಿಯೇ ಸಹಿ ಮಾಡಬೇಕು. ಮುಂದೆ ತಕರಾರಾದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುವುದರಿಂದ, ಓರಗೆಯ ಗೆಳೆಯರಿಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು ಉತ್ತಮ. ಆಸ್ತಿ ಪಡೆಯುವವರನ್ನು ಸಾಕ್ಷಿಯಾಗಿಸದಿರುವುದು ಲೇಸು. ಓದುಬರಹ ಬಾರದ ತಾಯಿ ಹೆಬ್ಬೆಟ್ಟು ಒತ್ತುವುದಾದರೆ, ಪತ್ರವನ್ನು ಓದಿ ಹೇಳಲಾಯಿತು, ಅವರು ತಿಳಿದು ಒಪ್ಪಿದರು ಎಂದು ಬರೆಸಿ, ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರವನ್ನು ಜೊತೆಗಿಡಿ.

ಹೆಚ್ಚು ಪಾಲು ಪಡೆಯುವ ಮಗನೇ ವಕೀಲರನ್ನು ಗೊತ್ತುಮಾಡಿ, ತಾನೇ ಸಾಕ್ಷಿಗಳನ್ನು ಕರೆತಂದು, ತಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ, ಅದರಲ್ಲಿ ಕಪಟ ಇರಲೇಬೇಕೆಂದಿಲ್ಲ. ಆದರೆ ಲಾಭ ಪಡೆಯುವವರೇ ಪತ್ರ ಬರೆಸುವುದರಲ್ಲಿ ಮುಂದಾಳಾಗುವುದನ್ನು ಸುಪ್ರೀಂ ಕೋರ್ಟ್ 1958ರಲ್ಲಿ, ಮೈಸೂರು ರಾಜ್ಯದ ಒಂದು ಪ್ರಕರಣದಲ್ಲಿ, ಸಂಶಯಾಸ್ಪದ ಸಂದರ್ಭವೆಂದು ಎಣಿಸಿತು; ಆ ಸಂಶಯವನ್ನು ನಿವಾರಿಸುವ ಹೊಣೆಯೂ ಅವರದೇ. ಆದ್ದರಿಂದ ಆ ದಿನ ಮಗ ಮನೆಯಲ್ಲಿಯೇ ಉಳಿಯಲಿ. ಯಾರಿಗಾದರೂ ಕಡಿಮೆ ಅಥವಾ ಏನೂ ಕೊಡದಿದ್ದರೆ ಅದರ ಕಾರಣವನ್ನು, ಬೈಗುಳವಿಲ್ಲದೆ, ಎರಡು ಸಾಲಿನಲ್ಲಿ ಬರೆಯಿರಿ.

ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹಾಸಿಗೆ ಹಿಡಿದವರಿದ್ದರೆ ಅರ್ಜಿಯ ಮೇರೆಗೆ ಉಪನೋಂದಣಾಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಒಳಗೆ ಏನಿದೆಯೆಂದು ಯಾರಿಗೂ ತಿಳಿಯಬಾರದೆನಿಸಿದರೆ ಮುದ್ರೆಯೊತ್ತಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಇಡಬಹುದು. ಮನಸ್ಸು ಬದಲಾದರೆ ಹೊಸದನ್ನು ಬರೆದು, ಹಿಂದಿನದನ್ನು ರದ್ದುಪಡಿಸಿದ್ದೇನೆಂದು ದಿನಾಂಕ ಸಹಿತ ನಮೂದಿಸಿ. ಠೇವಣಿಗಳ ನಾಮಿನಿ ಹೆಸರನ್ನೂ ಅದೇ ವಾರ ಪರಿಶೀಲಿಸಿ. ಬ್ಯಾಂಕಿನ ನಾಮಿನಿ ಹಣವನ್ನು ಕೈಗೆ ಪಡೆಯುವವರೇ ಹೊರತು ಅದರ ಒಡೆಯರಲ್ಲ, ಹೀಗಾಗಿ ಪತ್ರದಲ್ಲೊಂದು ಹೆಸರು, ಬ್ಯಾಂಕಿನಲ್ಲೊಂದು ಹೆಸರು ಇದ್ದರೆ ಒಡಹುಟ್ಟಿದವರ ನಡುವೆ ಮನಸ್ತಾಪಕ್ಕೆ ಅಷ್ಟೇ ಸಾಕಾಗುತ್ತದೆ.