ಆ್ಯಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗಬೇಕೇ? ಮೊದಲು ಒಂದು ವಾರ ಪಟ್ಟಿ ಬರೆಯಿರಿ

ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಮ್ಮ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಆರ್ಡರ್ ಬರುವುದೆಲ್ಲ ವಾಟ್ಸ್‌ಆ್ಯಪ್‌ನಲ್ಲಿ, ಅದೂ ಹೆಚ್ಚಿನವು ವಾಯ್ಸ್ ಮೆಸೇಜ್. ಯಾರ ಮನೆಗೆ ಎಷ್ಟು ಕಟ್ಟು, ಯಾರಿಗೆ ಖಾರ ಕಡಿಮೆ, ಯಾರ ವಿಳಾಸಕ್ಕೆ ಬಸ್ಸಿನಲ್ಲಿ ಕಳಿಸಬೇಕು, ಎಲ್ಲ ಅದರೊಳಗೇ ಇತ್ತು. ದೀಪಾವಳಿಗೆ ಬಂದ ಮಗ ಅಮ್ಮನಿಗೆ ಪ್ರೀತಿಯಿಂದ ಐಫೋನ್ ಕೊಡಿಸಿದ. ಹಳೆಯ ಆ್ಯಂಡ್ರಾಯ್ಡ್ ಫೋನನ್ನು ಅಂಗಡಿಯಲ್ಲೇ ಎಕ್ಸ್‌ಚೇಂಜ್‌ಗೆ ಕೊಟ್ಟರು. ಅಂಗಡಿಯ ಹುಡುಗ ಅದನ್ನು ನಿಂತ ನಿಲುವಿನಲ್ಲೇ ರಿಸೆಟ್ ಮಾಡಿದ, ಹೊಸದನ್ನು ಆನ್ ಮಾಡಿಕೊಟ್ಟ. ಮನೆಗೆ ಬಂದು ವಾಟ್ಸ್‌ಆ್ಯಪ್ ತೆರೆದರೆ ಒಂದೇ ಒಂದು ಮೆಸೇಜ್ ಇಲ್ಲ. ಬ್ಯಾಕಪ್ ಯಾರೂ ಇಟ್ಟಿರಲಿಲ್ಲ. ನಾಲ್ಕು ವರ್ಷದ ಗಿರಾಕಿಗಳ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ನಾನು ಹೋದಾಗ ಚಿಕ್ಕಮ್ಮ ಫೋನ್ ಹಿಡಿದು ಜಗಲಿಯಲ್ಲಿ ಕೂತಿದ್ದರು. ಹೆಬ್ಬೆರಳು ಮತ್ತೆ ಮತ್ತೆ ಪರದೆಯ ಕೆಳಗಿನ ಮೂಲೆಗೆ ಹೋಗಿ ಏನೂ ಸಿಗದೆ ವಾಪಸ್ಸು ಬರುತ್ತಿತ್ತು. ‘ಅಲ್ಲ ಮಾರಾಯ, ಹಿಂದೆ ಹೋಗೋ ಬಟನ್ ಎಲ್ಲಿಟ್ಟಿದಾರೆ ಇದ್ರಲ್ಲಿ?’ ಎಂದರು. ಐಫೋನ್‌ನಲ್ಲಿ ಆ ಬಟನ್ ಇಲ್ಲ. ಪರದೆಯ ಎಡ ಅಂಚಿನಿಂದ ಬಲಕ್ಕೆ ಬೆರಳು ಸರಿಸಬೇಕು.

ಐಫೋನ್ ಕೆಟ್ಟದ್ದೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರ ಮಗ ಅದನ್ನೇ ಬಳಸುತ್ತಾನೆ, ಅವನಿಗೆ ಅದೇ ಸರಿ. ಆದರೆ ಫೋನಿನ ಜೊತೆ ನಮ್ಮ ಬ್ಯಾಂಕು, ವ್ಯಾಪಾರ, ಸಿಮ್ಮು, ಬರೆಯುವ ಭಾಷೆ ಎಲ್ಲ ಗಂಟುಬಿದ್ದಿವೆ. ಆ ಗಂಟುಗಳನ್ನು ಎಣಿಸದೆ ಕ್ಯಾಮೆರಾ ನೋಡಿ ನಿರ್ಧಾರ ಮಾಡಿದರೆ ಚಿಕ್ಕಮ್ಮನಿಗೆ ಆದದ್ದೇ ಆಗುತ್ತದೆ. ಎಣಿಸುವುದು ಹೇಗೆ, ಹೋಗುವುದೇ ಆದರೆ ಯಾವ ಕ್ರಮದಲ್ಲಿ ಹೋಗಬೇಕು ಎಂಬುದು ಇಲ್ಲಿದೆ.

ಮೊದಲ ಹೆಜ್ಜೆ: ಏಕೆ ಬದಲಿಸಬೇಕು?

ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ಚಾರ್ಜ್ ನಿಲ್ಲುತ್ತಿಲ್ಲ’, ‘ಸ್ಟೋರೇಜ್ ತುಂಬಿದೆ’, ‘ಹ್ಯಾಂಗ್ ಆಗುತ್ತದೆ’ ಎಂದು ಬರೆದಿದ್ದರೆ ನಿಮಗೆ ಬೇಕಿರುವುದು ಹೊಸ ಬ್ಯಾಟರಿಯೋ, ಅದೇ ಜಾತಿಯ ಹೊಸ ಫೋನೋ ಇರಬೇಕು. ಅದಕ್ಕಾಗಿ ಆ್ಯಂಡ್ರಾಯ್ಡ್‌ನಿಂದ ಐಫೋನ್‌ಗೋ ಅಲ್ಲಿಂದ ಇಲ್ಲಿಗೋ ಹಾರುವ ಅಗತ್ಯವಿಲ್ಲ.

‘ಐಫೋನ್ ತುಂಬ ವರ್ಷ ಬಾಳುತ್ತದೆ’ ಎಂಬ ಕಾರಣವನ್ನು ಬಹಳ ಜನ ಹೇಳುತ್ತಾರೆ. ಅದು ನಿಜ. 2018ರ ಐಫೋನ್ ಎಕ್ಸ್‌ಎಸ್‌ಗೆ 2024ರ ಐಒಎಸ್ 18 (ಐಒಎಸ್ ಎಂದರೆ ಐಫೋನ್ ನಡೆಸುವ ತಂತ್ರಾಂಶ) ಕೂಡ ಬಂತು. ಆದರೆ ಈಗ ಆ್ಯಂಡ್ರಾಯ್ಡ್ ಕಡೆಯವರೂ ಎಚ್ಚೆತ್ತಿದ್ದಾರೆ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಕಡಿಮೆ ಬೆಲೆಯ ಆ್ಯಂಡ್ರಾಯ್ಡ್ ಫೋನ್‌ಗಳ ಮಾತು ಬೇರೆ. ಕೊಳ್ಳುವ ಮುಂಚೆ ಎಷ್ಟು ವರ್ಷ ಅಪ್‌ಡೇಟ್ ಎಂದು ಕೇಳಿಯೇ ಕೊಳ್ಳಿ.

ಎರಡನೆಯದು: ಏಳು ದಿನದ ಪಟ್ಟಿ

ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ, ಫೋನ್‌ನಲ್ಲಿ ಯಾವ ಆ್ಯಪ್ ತೆರೆದರೂ ಅದರ ಹೆಸರು ಬರೆಯಿರಿ. ನೆನಪಿನಿಂದ ಒಮ್ಮೆಲೇ ಬರೆಯಲು ಹೋಗಬೇಡಿ, ಅರ್ಧ ಬಿಟ್ಟುಹೋಗುತ್ತವೆ. ವಾರದ ಕೊನೆಗೆ, ಆ ಕಡೆಯ ಫೋನ್ ಇರುವ ಗೆಳೆಯರ ಬಳಿ ಕೂತು ಒಂದೊಂದನ್ನೂ ಅವರ ಸ್ಟೋರ್‌ನಲ್ಲಿ ಹುಡುಕಿ.

ವಾಟ್ಸ್‌ಆ್ಯಪ್, ಯೂಟ್ಯೂಬ್, ಫೋನ್‌ಪೇ, ಗೂಗಲ್‌ ಪೇ, ಡಿಜಿಲಾಕರ್ ಎರಡೂ ಕಡೆ ಇವೆ, ಚಿಂತೆಯಿಲ್ಲ. ಸಿಕ್ಕಿಹಾಕಿಕೊಳ್ಳುವುದು ಸಣ್ಣ ಆ್ಯಪ್‌ಗಳಲ್ಲಿ: ಇಲಾಖೆಯವರು ಸಿಬ್ಬಂದಿಗೆಂದು ಮಾಡಿಸಿದ್ದು, ಸಹಕಾರ ಸಂಘದ ಬ್ಯಾಂಕಿನದು, ಮಕ್ಕಳ ಶಾಲೆಯದು, ಹೊಲದ ಬೆಳೆ ಸಮೀಕ್ಷೆಯದು. ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿ ಆ್ಯಂಡ್ರಾಯ್ಡ್ ಇರುವುದರಿಂದ ಇಂಥವನ್ನು ಮೊದಲು ಪ್ಲೇ ಸ್ಟೋರ್‌ಗಷ್ಟೇ ಮಾಡುವುದುಂಟು. ಲಿಂಕ್ ಕಳಿಸಿ ‘ಇದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ’ ಎನ್ನುವ ಎಪಿಕೆ ಫೈಲ್‌ಗಳು ಐಫೋನ್‌ನಲ್ಲಿ ನಡೆಯುವುದೇ ಇಲ್ಲ. ನೀವು ಶಿಕ್ಷಕರೋ, ಅಂಗನವಾಡಿ ಕಾರ್ಯಕರ್ತೆಯೋ, ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವವರೋ ಆಗಿದ್ದರೆ ಈ ಹೆಜ್ಜೆಯನ್ನು ಮಾತ್ರ ದಾಟಿ ಹೋಗಬೇಡಿ. ಕೆಲಸದ ಒಂದೇ ಒಂದು ಆ್ಯಪ್ ಆ ಕಡೆ ಸಿಗದಿದ್ದರೂ ನಿಮ್ಮ ನಿರ್ಧಾರ ಅಲ್ಲಿಗೇ ಆಯಿತೆಂದು ನಾನು ಹೇಳುತ್ತೇನೆ.

ಮೂರನೆಯದು: ಎರಡು ಸಿಮ್ ಇದೆಯೇ?

ಮಲೆನಾಡಿನಲ್ಲಿ ಇದು ಬದುಕಿನ ಪ್ರಶ್ನೆ. ಚಿಕ್ಕಮ್ಮನ ಮನೆಯಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಸಿಗ್ನಲ್ ಇಲ್ಲ. ಪೇಟೆಗೆ ಬಂದರೆ ಇನ್ನೊಂದು ಸಿಮ್ ಬೇಕು. ಆ್ಯಂಡ್ರಾಯ್ಡ್‌ನಲ್ಲಿ ಎರಡೂ ಪಕ್ಕಪಕ್ಕ ಕೂತಿದ್ದವು. ಭಾರತದಲ್ಲಿ ಮಾರುವ ಐಫೋನ್‌ಗಳಲ್ಲಿ ಕೈಯಲ್ಲಿ ಹಿಡಿಯುವ ಸಿಮ್‌ಗೆ ಒಂದೇ ಜಾಗ, ಎರಡನೆಯದು ಇ-ಸಿಮ್ (ಕೈಗೆ ಸಿಗದ, ಫೋನಿನೊಳಗೇ ತುಂಬಿಸುವ ಸಿಮ್) ಆಗಬೇಕು. 2025ರಲ್ಲಿ ಬಂದ ಐಫೋನ್ ಏರ್‌ನಲ್ಲಂತೂ ಸಿಮ್ ಹಾಕುವ ಟ್ರೇಯೇ ಇಲ್ಲ.

ಜಿಯೊ, ಏರ್‌ಟೆಲ್, ವಿಐ ಮೂರೂ ಇ-ಸಿಮ್ ಕೊಡುತ್ತವೆ. ಹಾಗಾಗಿ ಬಿಎಸ್‌ಎನ್‌ಎಲ್ ಸಿಮ್ ಅನ್ನು ಟ್ರೇಗೆ ಹಾಕಿ, ಇನ್ನೊಂದನ್ನು ಇ-ಸಿಮ್ ಮಾಡಿಸಿಕೊಳ್ಳುವುದು ಸರಾಗ. ಒಂದು ಮಾತು ನೆನಪಿರಲಿ: ಫೋನ್ ನೀರಿಗೆ ಬಿದ್ದರೆ ಸಾದಾ ಸಿಮ್ ತೆಗೆದು ಮನೆಯ ಇನ್ನೊಂದು ಫೋನ್‌ಗೆ ಹಾಕಿ ಆ ಕ್ಷಣವೇ ಮಾತಾಡಬಹುದು. ಇ-ಸಿಮ್‌ನಲ್ಲಿ ಅಷ್ಟು ಸುಲಭವಿಲ್ಲ.

ನಾಲ್ಕನೆಯದು: ಕನ್ನಡ ಬರೆದು ನೋಡಿ

ಆ್ಯಂಡ್ರಾಯ್ಡ್ ಫೋನನ್ನು ಪೂರ್ತಿ ಕನ್ನಡದಲ್ಲಿ ಇಟ್ಟುಕೊಳ್ಳುವ ಸೌಲಭ್ಯ 2014ರ ಲಾಲಿಪಾಪ್ (ಆ್ಯಂಡ್ರಾಯ್ಡ್ 5) ಕಾಲದಿಂದ ಇದೆ. ಐಫೋನ್‌ಗೆ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಸೆಟ್ಟಿಂಗ್ಸ್ ಸಹಿತ ಇಡೀ ಫೋನ್ ಕನ್ನಡವಾಗಲು 2025ರ ಐಒಎಸ್ 18.4ರವರೆಗೆ ಕಾಯಬೇಕಾಯಿತು. ತಡವಾದರೂ ಬಂತು, ನನಗೆ ಸಂತೋಷವೇ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯ ಹತ್ತಿರ ಐಫೋನ್ ಜೋಡಿಸುವ ಕೈಗಳಿಗೆ ಆ ಫೋನ್ ತಮ್ಮ ಭಾಷೆಯಲ್ಲಿ ಮಾತಾಡುವುದು ನ್ಯಾಯವೂ ಹೌದು.

ಆದರೆ ಇದೆ ಎನ್ನುವುದು ಬೇರೆ, ಬೆರಳಿಗೆ ಒಗ್ಗುವುದು ಬೇರೆ. ಗೆಳೆಯರ ಫೋನ್ ಹತ್ತು ನಿಮಿಷ ಕೇಳಿ ಪಡೆದು ‘ಶ್ರೀರಂಗಪಟ್ಟಣ’, ‘ಅರ್ಕಾವತಿ’, ‘ಕೃಷ್ಣ’, ‘ವಿಜ್ಞಾನ’ ಎಂದು ಬರೆದು ನೋಡಿ. ಒತ್ತಕ್ಷರ, ಅರ್ಕಾವತ್ತು, ವಟ್ರಸುಳಿ ಎಲ್ಲಿವೆ ಎಂದು ಗೊತ್ತಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವವರು, ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಕೈ ಪಳಗಿದವರು, ಮಾತಾಡಿಯೇ ಬರೆಸುವವರು, ನಿಮ್ಮ ನಿಮ್ಮ ರೀತಿ ಅಲ್ಲಿ ನಡೆಯುತ್ತದೆಯೇ ಪರೀಕ್ಷಿಸಿ. ಗೂಗಲ್‌ನ ಜಿಬೋರ್ಡ್ ಕೀಲಿಮಣೆ ಐಫೋನ್‌ಗೂ ಸಿಗುತ್ತದೆ ನಿಜ, ಆದರೆ ಆ್ಯಂಡ್ರಾಯ್ಡ್‌ನಲ್ಲಿ ಮಾಡುವುದನ್ನೆಲ್ಲ ಅಲ್ಲೂ ಮಾಡುತ್ತದೆಂದು ನಂಬಿ ದುಡ್ಡು ಕೊಡಬೇಡಿ.

ಐದನೆಯದು: ಬೆಲೆಯ ಚೀಟಿಯಲ್ಲಿ ಕಾಣದ ಖರ್ಚು

ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪ್ ಆ್ಯಪಲ್ ಕಡೆ ಬರುವುದಿಲ್ಲ. ಆ ಕಡೆಯದು ಈ ಕಡೆಗೂ ಅಷ್ಟೇ. ಆ್ಯಪಲ್ ವಾಚ್ ಆ್ಯಂಡ್ರಾಯ್ಡ್ ಜೊತೆ ಕೂಡುವುದಿಲ್ಲ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಮತ್ತು ನಂತರದವು ಐಫೋನ್ ಜೊತೆ ಕೂಡುವುದಿಲ್ಲ. ಫೋಟೊ, ಬ್ಯಾಕಪ್ ಇಡಲು ಆನ್‌ಲೈನ್‌ನಲ್ಲಿ ಗೂಗಲ್ 15 ಜಿಬಿ ಜಾಗ ಉಚಿತವಾಗಿ ಕೊಟ್ಟರೆ ಆ್ಯಪಲ್‌ನ ಐಕ್ಲೌಡ್ ಕೊಡುವುದು 5 ಜಿಬಿ. ಫೋಟೊ ಹೆಚ್ಚು ತೆಗೆಯುವವರಿಗೆ ಅದು ಬೇಗ ತುಂಬಿ, ತಿಂಗಳ ಬಾಡಿಗೆ ಶುರುವಾಗುತ್ತದೆ.

ಇಷ್ಟಾದ ಮೇಲೂ ಮನಸ್ಸು ಅತ್ತಲೇ ಎಳೆಯುತ್ತಿದ್ದರೆ ಧೈರ್ಯವಾಗಿ ಹೋಗಿ. ಆದರೆ ಮುಂದಿನ ಕ್ರಮ ತಪ್ಪಿಸಬೇಡಿ.

ಹೋಗುವ ಕ್ರಮ

ಮೊದಲು ಸಿಮ್. ಅದೇ ನಂಬರ್‌ಗೆ ಹೊಸ ಸಿಮ್ ಪಡೆದರೆ ಮುಂದಿನ 24 ಗಂಟೆ ಆ ನಂಬರ್‌ಗೆ ಎಸ್‌ಎಂಎಸ್ ಸೇವೆ ಇರುವುದಿಲ್ಲ. ಬೇರೆಯವರು ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದು ಬ್ಯಾಂಕ್ ಖಾತೆ ಖಾಲಿ ಮಾಡದಿರಲಿ ಎಂದು ಮಾಡಿದ ಏರ್ಪಾಡು ಅದು. ಇ-ಸಿಮ್‌ಗೆ ಬದಲಾಯಿಸಿದಾಗಲೂ ಹೀಗಾಗುತ್ತದೆಂದೇ ಎಣಿಸಿ. ಎಸ್‌ಎಂಎಸ್ ಇಲ್ಲದಿದ್ದರೆ ಒಟಿಪಿ ಇಲ್ಲ, ಒಟಿಪಿ ಇಲ್ಲದಿದ್ದರೆ ಬ್ಯಾಂಕ್ ಆ್ಯಪ್ ಇಲ್ಲ. ಆದ್ದರಿಂದ ಇ-ಸಿಮ್ ಕೆಲಸವನ್ನು ಒಂದು ದಿನ ಮುಂಚೆ ಮುಗಿಸಿ, ಮೆಸೇಜ್ ಬರತೊಡಗಿದ ಮೇಲೆಯೇ ಉಳಿದದ್ದಕ್ಕೆ ಕೈಹಾಕಿ.

ಎರಡನೆಯದು ಡೇಟಾ, ಅಂದರೆ ಫೋನಿನೊಳಗಿನ ನಂಬರ್, ಫೋಟೊ, ಮೆಸೇಜ್‌ಗಳು. ಆ್ಯಂಡ್ರಾಯ್ಡ್ ಫೋನ್‌ಗೆ ಪ್ಲೇ ಸ್ಟೋರ್‌ನಿಂದ ‘ಮೂವ್ ಟು ಐಒಎಸ್’ ಎಂಬ ಆ್ಯಪಲ್‌ನದೇ ಆ್ಯಪ್ ಹಾಕಿಕೊಳ್ಳಿ. ಎರಡೂ ಫೋನ್ ಚಾರ್ಜರ್‌ಗೆ ಸಿಕ್ಕಿಸಿ, ಒಂದೇ ವೈಫೈಗೆ ಸೇರಿಸಿ. ಹೊಸ ಐಫೋನ್‌ನ ಆರಂಭದ ಸೆಟಪ್ ನಡೆಯುವಾಗ ‘ಆ್ಯಂಡ್ರಾಯ್ಡ್‌ನಿಂದ ಡೇಟಾ ತರಬೇಕೇ’ ಎಂಬ ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ಒಂದು ಕೋಡ್ ಕಾಣುತ್ತದೆ, ಅದನ್ನು ಹಳೆಯ ಫೋನ್‌ನಲ್ಲಿ ಹಾಕಿ. ಅಂಗಡಿಯಲ್ಲಿ ಆದ ತಪ್ಪು ಇಲ್ಲೇ. ಈ ಆಯ್ಕೆಯನ್ನು ದಾಟಿ ಸೆಟಪ್ ಮುಗಿಸಿಬಿಟ್ಟರೆ ಐಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರುಮಾಡಬೇಕು. ಹಾಗಾಗಿ ಅಂಗಡಿಯವರು ‘ನಾವೇ ಆನ್ ಮಾಡಿಕೊಡ್ತೀವಿ’ ಎಂದರೆ ಡಬ್ಬಿ ಮುಚ್ಚಿಯೇ ಕೊಡಿ ಎನ್ನಿ.

ಈ ಹೊತ್ತಿನಲ್ಲೇ ವಾಟ್ಸ್‌ಆ್ಯಪ್ ಕೂಡ ದಾಟಬೇಕು. ಆ್ಯಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಗೂಗಲ್ ಡ್ರೈವ್‌ನಲ್ಲಿ ಕೂರುತ್ತದೆ, ಐಫೋನ್‌ನದು ಐಕ್ಲೌಡ್‌ನಲ್ಲಿ. ಒಂದರದ್ದು ಇನ್ನೊಂದಕ್ಕೆ ಆಗದು. 2022ರಿಂದ ‘ಮೂವ್ ಟು ಐಒಎಸ್’ ಪಟ್ಟಿಯಲ್ಲೇ ವಾಟ್ಸ್‌ಆ್ಯಪ್ ಹೆಸರು ಬರುತ್ತದೆ. ಅದನ್ನು ಆರಿಸಿ, ‘ಸ್ಟಾರ್ಟ್’ ಒತ್ತಿ ಕಾಯಿರಿ. ಮುಗಿದ ಮೇಲೆ ಐಫೋನ್‌ನಲ್ಲಿ ವಾಟ್ಸ್‌ಆ್ಯಪ್ ಹಾಕಿಕೊಂಡು ಅದೇ ನಂಬರ್ ಕೊಡಿ. ಕಾಲ್ ಪಟ್ಟಿ ಬರುವುದಿಲ್ಲ, ಚಾಟ್‌ಗಳು ಬರುತ್ತವೆ. ಹಳೆಯ ಒಂದು ವಾಯ್ಸ್ ಮೆಸೇಜ್ ಹುಡುಕಿ ಒತ್ತಿ ಕೇಳಿ ನೋಡಿ, ಆಮೇಲೆ ಐಕ್ಲೌಡ್‌ಗೆ ಹೊಸ ಬ್ಯಾಕಪ್ ಮಾಡಿ.

ಮೂರನೆಯದು ಬ್ಯಾಂಕು. ಯುಪಿಐ ನಿಮ್ಮ ಸಿಮ್ ಮತ್ತು ಫೋನ್ ಎರಡನ್ನೂ ಸೇರಿಸಿ ಗುರುತಿಟ್ಟುಕೊಂಡಿರುತ್ತದೆ, ಹೊಸ ಫೋನ್‌ನಲ್ಲಿ ಮತ್ತೆ ನೋಂದಾಯಿಸಬೇಕು. ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ತಾನೇ ಎಸ್‌ಎಂಎಸ್ ಕಳಿಸುತ್ತದೆ. ಐಫೋನ್‌ನಲ್ಲಿ ಬರೆದಿಟ್ಟ ಮೆಸೇಜ್ ತೆರೆದುಕೊಳ್ಳುತ್ತದೆ, ‘ಸೆಂಡ್’ ನೀವೇ ಒತ್ತಬೇಕು, ಅದೂ ಬ್ಯಾಂಕಿಗೆ ಕೊಟ್ಟ ಸಿಮ್‌ನಿಂದಲೇ. ಎರಡು ಸಿಮ್ ಇದ್ದವರು ಇಲ್ಲಿ ಎಡವುತ್ತಾರೆ. ಹೊಸ ಫೋನ್ ಆದ್ದರಿಂದ ಮೊದಲಿಗೆ 5,000 ರೂಪಾಯಿಯ ಮಿತಿಯೂ ಇರುತ್ತದೆ. ಬ್ಯಾಂಕ್‌ಗಳು ಸಾಮಾನ್ಯವಾಗಿ ಅದನ್ನು ಆ್ಯಂಡ್ರಾಯ್ಡ್‌ನಲ್ಲಿ 24 ಗಂಟೆ, ಐಫೋನ್‌ನಲ್ಲಿ 72 ಗಂಟೆ ಇಡುತ್ತವೆ. ಮಗಳ ಕಾಲೇಜು ಫೀಸಿನ ಕೊನೆಯ ದಿನವೋ ಆಸ್ಪತ್ರೆಯ ಓಡಾಟದ ವಾರವೋ ಫೋನ್ ಬದಲಿಸಬೇಡಿ. ಕೈಯಲ್ಲಿ ಸ್ವಲ್ಪ ನಗದು, ಎಟಿಎಂ ಕಾರ್ಡ್ ಇರಲಿ.

ಐಫೋನ್‌ನಿಂದ ಆ್ಯಂಡ್ರಾಯ್ಡ್‌ಗೆ ಬರುವವರಿಗೆ ದಾರಿ ಸ್ವಲ್ಪ ಬೇರೆ. ಎರಡೂ ಫೋನನ್ನು ಕೇಬಲ್‌ನಿಂದ ಜೋಡಿಸಬೇಕು (ಐಫೋನ್ 15ಕ್ಕಿಂತ ಹಳೆಯದಾದರೆ ಒಂದು ತುದಿ ಲೈಟ್ನಿಂಗ್ (ಐಫೋನ್‌ನ ಹಳೆಯ ಪಿನ್), ಇನ್ನೊಂದು ತುದಿ ಯುಎಸ್‌ಬಿ-ಸಿ ಇರುವ ಕೇಬಲ್ ಬೇಕು). ಹೊಸ ಫೋನ್ ಸೆಟಪ್ ಆಗುವಾಗ ಬರುವ ಕ್ಯೂಆರ್ ಕೋಡನ್ನು ಐಫೋನ್‌ನಲ್ಲಿ ಸ್ಕ್ಯಾನ್ ಮಾಡಿದರೆ ವಾಟ್ಸ್‌ಆ್ಯಪ್ ದಾಟುತ್ತದೆ. ಸಿಮ್ ತೆಗೆಯುವ ಮುಂಚೆ ಐಮೆಸೇಜ್ (ಆ್ಯಪಲ್‌ನ ಸ್ವಂತ ಮೆಸೇಜ್ ಸೇವೆ) ಆಫ್ ಮಾಡಿ. ಇಲ್ಲದಿದ್ದರೆ ಬೇರೆ ಐಫೋನ್‌ಗಳಿಂದ ನಿಮಗೆ ಕಳಿಸಿದ ಮೆಸೇಜ್ ನಿಮ್ಮ ಕೈಸೇರದೆ ಹೋಗಬಹುದು.

ಕೊನೆಗೆ ಹಳೆಯ ಫೋನ್. ಎಕ್ಸ್‌ಚೇಂಜ್‌ನ ಎರಡು ಸಾವಿರ ರೂಪಾಯಿಯ ಆಸೆಗೆ ಅದೇ ದಿನ ಕೊಡಬೇಡಿ. ಒಂದು ತಿಂಗಳಾದರೂ ಮನೆಯಲ್ಲಿ ಇರಲಿ. ಮರೆತ ಒಂದು ನಂಬರ್, ಸಾಗದೆ ಉಳಿದ ಒಂದು ಫೋಟೊ, ಪಾಸ್‌ವರ್ಡ್ ಜೊತೆಗೆ ಕೇಳುವ ಅಥೆಂಟಿಕೇಟರ್ ಆ್ಯಪ್‌ನ ಕೋಡ್, ಏನಾದರೊಂದಕ್ಕೆ ಅದು ಬೇಕೇ ಬೇಕಾಗುತ್ತದೆ. ಆಮೇಲೆ ಕೊಡುವಾಗ ಮೊದಲು ಅದರಿಂದ ಗೂಗಲ್ ಅಥವಾ ಆ್ಯಪಲ್ ಖಾತೆ ಸೈನ್‌ಔಟ್ ಮಾಡಿ, ನಂತರ ರಿಸೆಟ್ ಮಾಡಿ. ಕ್ರಮ ಹಿಂದುಮುಂದಾದರೆ ಫೋನ್ ನಿಮ್ಮ ಖಾತೆಗೇ ಬೀಗ ಹಾಕಿಕೊಂಡು ಕೂರಬಹುದು, ಕೊಂಡವರು ನಿಮ್ಮ ಬಾಗಿಲಿಗೆ ಬರುತ್ತಾರೆ. ನೀವೇ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, ಆ ಫೋನ್‌ನಲ್ಲಿ *#06# ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿನ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಅದು ಕದ್ದ ಮಾಲೆಂದು ಬ್ಲಾಕ್ ಆಗಿದ್ದರೆ ದುಡ್ಡು ಕೊಡುವ ಮೊದಲೇ ತಿಳಿಯುತ್ತದೆ.