ಗ್ರಾಫಿಕ್ಸ್ ಆನೆಗೆ ತೂಕ ಕೊಟ್ಟಿದ್ದು ಹೇಗೆ?

ನಾನು ಸೌಂಡ್ ಡಿಸೈನ್ ಮಾಡಿದ ಒಂದು ಕನ್ನಡ ಚಿತ್ರದಲ್ಲಿ ರಾತ್ರಿ ಹೊತ್ತು ಕಾಡಾನೆ ಕಾಫಿ ತೋಟಕ್ಕೆ ಬರುವ ದೃಶ್ಯ ಇತ್ತು. ಆನೆ ಪೂರ್ತಿ ಕಂಪ್ಯೂಟರಿನದು. ಶೂಟಿಂಗ್ ಆದಾಗ ಅಲ್ಲಿದ್ದದ್ದು ಖಾಲಿ ತೋಟ, ಲೈಟು, ಮತ್ತೆ ಆನೆಯ ಎತ್ತರ ಗೊತ್ತಾಗಲಿ ಅಂತ ಉದ್ದ ಕೋಲು ಹಿಡಿದು ನಿಂತ ಹುಡುಗ ಅಷ್ಟೇ.

ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ ವಿಎಫ್‌ಎಕ್ಸ್ ತಂಡದಿಂದ ಮೊದಲು ನನಗೆ ಬಂದಿದ್ದು ಬೂದು ಬಣ್ಣದ ಆನೆ. ಚರ್ಮ ಇಲ್ಲ, ಕಣ್ಣಿಲ್ಲ, ನೆರಳೂ ಇಲ್ಲ. ಆದರೆ ನಡಿಗೆ ಆಗಲೇ ಸರಿಯಾಗಿತ್ತು. ಆನೆ ನಡೆಯುವಾಗ ಹಿಂಗಾಲು ಹೆಚ್ಚುಕಡಿಮೆ ಮುಂಗಾಲಿನ ಗುರುತಿನ ಮೇಲೆಯೇ ಬೀಳುತ್ತದೆ. ಅನಿಮೇಟರ್ ಅದನ್ನು ಗಮನಿಸಿ ಮಾಡಿದ್ದರು. ನನಗೆ ಆ ಹಂತದಲ್ಲಿ ಬೇಕಾದದ್ದೂ ಅಷ್ಟೇ, ಕಾಲು ಯಾವ ಫ್ರೇಮಿನಲ್ಲಿ ನೆಲ ಮುಟ್ಟುತ್ತದೆ ಅನ್ನೋದು. ಫೈನಲ್ ರೆಂಡರ್, ಅಂದರೆ ಚರ್ಮ, ನೆರಳು ಎಲ್ಲ ಸೇರಿದ ಪೂರ್ತಿ ಚಿತ್ರ, ಬರಲಿ ಅಂತ ಕಾದರೆ ಸೌಂಡಿಗೆ ಸಮಯವೇ ಉಳಿಯುವುದಿಲ್ಲ. ಹಾಗಾಗಿ ಬೂದು ಆನೆ ಇಟ್ಟುಕೊಂಡೇ ಕೆಲಸ ಶುರು ಮಾಡಿದೆ.

ನಿರ್ದೇಶಕರು ಕೇಳಿದ್ದು, "ಆನೆ ಅಂದ್ರೆ ಧಡ್ ಧಡ್ ಅನ್ನಬೇಕಲ್ವಾ ಸಾರ್? ಸೀಟು ನಡುಗಬೇಕು." ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ನಿಜವಾದ ಆನೆ ಹಾಗೆ ನಡೆಯುವುದೇ ಇಲ್ಲ. ಅದರ ಪಾದದೊಳಗೆ ಕೊಬ್ಬಿನ ದಪ್ಪ ಮೆತ್ತೆ ಇದೆ. ಅಷ್ಟು ಟನ್ ತೂಕ ಇದ್ದರೂ ಹೆಜ್ಜೆ ಸಪ್ಪಳ ತೀರಾ ಕಡಿಮೆ. ಕೊಡಗಿನಲ್ಲಿ ಒಬ್ಬ ಮಾವುತರನ್ನು ಮಾತಾಡಿಸಿದಾಗ ಅವರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು: "ಹಿಂದೆ ಬಂದು ನಿಂತ್ರೂ ಗೊತ್ತಾಗಲ್ಲ ಸಾರ್. ಕಡ್ಡಿ ಮುರಿದ್ರೆ ಮಾತ್ರ ಗೊತ್ತಾಗೋದು."

ಇಡೀ ದೃಶ್ಯ ನಾನು ಕಟ್ಟಿದ್ದು ಆ ಕಡ್ಡಿಯ ಮೇಲೆ. ಪರದೆಯ ಮೇಲಿನ ಪ್ರಾಣಿಗೆ ತೂಕ ಬರುವುದು ಅದು ಮಾಡುವ ಸದ್ದಿನಿಂದ ಅಲ್ಲ. ಅದರ ಸುತ್ತ ಇರುವ ವಸ್ತುಗಳು ಅದಕ್ಕೆ ಹೇಗೆ ಸೋಲುತ್ತವೆ ಅನ್ನೋದರಿಂದ. ವಿಎಫ್‌ಎಕ್ಸ್‌ನವರೂ ಇದನ್ನೇ ಮಾಡುತ್ತಾರೆ. ಕಾಲಿನ ಕೆಳಗೆ ಹುಲ್ಲು ಬಾಗಿಸುತ್ತಾರೆ, ಧೂಳು ಎಬ್ಬಿಸುತ್ತಾರೆ, ಮೈ ತಾಗಿದ ಕೊಂಬೆಯನ್ನು ಅಲುಗಿಸುತ್ತಾರೆ. ಅವರು ಎಲ್ಲೆಲ್ಲಿ ಕೊಂಬೆ ಅಲುಗಿಸಿದರೋ ಅಲ್ಲೆಲ್ಲ ನನಗೆ ಕೆಲಸ.

ಚಿತ್ರ ನೋಡುತ್ತಾ ಕೈಯಾರೆ ಸದ್ದು ಮಾಡಿ ಹಿಡಿಯುವ ಫೋಲಿ ರೂಮಿಗೆ ಒಣ ಬಿದಿರು, ತೆಂಗಿನ ಗರಿ, ಕಾಫಿ ಗಿಡದ ಹಸಿ ರೆಂಬೆಗಳು, ಚೀಲ ತುಂಬ ತರಗೆಲೆ ತರಿಸಿಕೊಂಡೆ. ಹಸಿ ರೆಂಬೆ ಮುರಿಯುವುದಕ್ಕೂ ಒಣ ಕಡ್ಡಿ ಮುರಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಒಣಗಿದ್ದು ಒಂದೇ ಸಲ ಚಟ್ ಅನ್ನುತ್ತದೆ. ಹಸಿಯದು ಸಿಗಿದುಕೊಂಡು, ನಾರು ನಾರಾಗಿ, ನಿಧಾನಕ್ಕೆ ಮುರಿಯುತ್ತದೆ. ಆ ನಿಧಾನದಲ್ಲೇ ಆನೆಯ ಶಕ್ತಿ ಕೇಳಿಸುವುದು. ಹೆಜ್ಜೆಗೆ ಮರಳು ತುಂಬಿದ ಗೋಣಿಚೀಲವನ್ನು ತರಗೆಲೆ ಮೇಲೆ ಮೆತ್ತಗೆ ಒತ್ತಿದೆವು, ಬಡಿಯಲಿಲ್ಲ. ಕಿವಿ ಬೀಸುವುದಕ್ಕೆ ಒದ್ದೆ ಗೋಣಿ. ಸೊಂಡಿಲ ಉಸಿರಿಗೆ ಉದ್ದದ ಪಿವಿಸಿ ಪೈಪಿನಲ್ಲಿ ನಾನೇ ಉಸಿರು ಬಿಟ್ಟೆ. ಅದನ್ನು 192 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 1,92,000 ಸಲ ಸದ್ದಿನ ಅಳತೆ ತೆಗೆಯುವ ದರದಲ್ಲಿ, ರೆಕಾರ್ಡ್ ಮಾಡಿ ಅರ್ಧ ವೇಗಕ್ಕೆ ಇಳಿಸಿದೆ. ಮಾಮೂಲಿ 48ರಲ್ಲಿ ರೆಕಾರ್ಡ್ ಮಾಡಿ ಇಳಿಸಿದರೆ ಸದ್ದು ಮಂಕಾಗುತ್ತದೆ. ಹೆಚ್ಚಿನ ದರದಲ್ಲಿ, ಅದಕ್ಕೆ ತಕ್ಕ ಮೈಕಿನಲ್ಲಿ ಹಿಡಿದರೆ ಕಿವಿಗೆ ಕೇಳಿಸದ ಮೇಲಿನ ಭಾಗವೂ ಕೆಳಗಿಳಿದು ಬರುತ್ತದೆ. ಉಸಿರಿನ ಒರಟು ಹಾಗೇ ಉಳಿಯುತ್ತದೆ.

ಇನ್ನು ಗುಡುಗಿನಂಥ ಕೆಳದನಿ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದ ಪ್ರಾಣಿಗಳ ದನಿಯ ಸಂಶೋಧಕಿ ಕೇಟಿ ಪೇನ್ ಅವರಿಗೆ ಗಾಳಿಯೇ ಮಿಡಿದಂತೆ ಅನಿಸಿತಂತೆ. ಆಮೇಲೆ ರೆಕಾರ್ಡ್ ಮಾಡಿ ನೋಡಿದಾಗ ಆನೆಗಳು 14ರಿಂದ 24 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸುಮಾರಿನಲ್ಲಿ ಮಾತಾಡಿಕೊಳ್ಳುವುದು ಗೊತ್ತಾಯಿತು. ನಮ್ಮ ಕಿವಿ ಕೆಲಸ ಮಾಡುವುದೇ 20 ಹರ್ಟ್ಸ್‌ನಿಂದ ಮೇಲೆ. ಕೆಳದನಿಗೆಂದೇ ಥಿಯೇಟರಿನಲ್ಲಿರುವ ಸ್ಪೀಕರ್ ಸಬ್‌ವೂಫರಿಗೂ ಅಷ್ಟು ಕೆಳಗೆ ಇಳಿಯುವುದು ಕಷ್ಟ. ಅದಕ್ಕೇ ಆ ದನಿಯನ್ನು 35-40 ಹರ್ಟ್ಸ್ ಹತ್ತಿರಕ್ಕೆ ಏರಿಸಿ ಸಬ್‌ಗೆ ಕೊಟ್ಟೆ. ಘೀಳು ದೃಶ್ಯದ ಕೊನೆಯಲ್ಲಿ ಒಂದೇ ಸಲ. ಮೊದಲೇ ಘೀಳಿಟ್ಟುಬಿಟ್ಟರೆ ಆಮೇಲೆ ಪ್ರೇಕ್ಷಕರಿಗೆ ಕಾಯಲು ಏನೂ ಇರುವುದಿಲ್ಲ.

ಚಿತ್ರ ಡಾಲ್ಬಿ ಅಟ್ಮಾಸ್‌ನಲ್ಲಿತ್ತು. 2012ರಲ್ಲಿ ಬಂದ ಈ ತಂತ್ರದಲ್ಲಿ ಸದ್ದನ್ನು ಒಂದೊಂದು ವಸ್ತುವಾಗಿ ಹಾಲ್‌ನ ಯಾವ ಜಾಗದಲ್ಲಾದರೂ ಇಡಬಹುದು, ತಲೆ ಮೇಲೂ ಇಡಬಹುದು. ಆನೆ ಪರದೆಗೆ ಬರುವ ಮುಂಚೆ ಮುರಿಯುವ ಕಡ್ಡಿಯನ್ನು ಪ್ರೇಕ್ಷಕರ ಹಿಂದೆ ಇಡೋಣ ಅಂತ ತಂಡದಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಹಿಂದಿನಿಂದ ಸದ್ದಾದರೆ ಜನ ತಿರುಗಿ ನೋಡುತ್ತಾರೆ, ಎಕ್ಸಿಟ್ ಬಾಗಿಲು ಕಾಣುತ್ತದೆ, ಕತೆ ಕೈ ತಪ್ಪುತ್ತದೆ. ಕಡ್ಡಿ ಪರದೆಯ ಎಡ ಅಂಚಿನ ಆಚೆ, ಪಕ್ಕದ ಗೋಡೆಯ ಮೊದಲ ಸ್ಪೀಕರಿನಲ್ಲಿ ಮುರಿಯಿತು. ಹಿಂದೆ, ಮೇಲೆ ಇದ್ದದ್ದು ಬರೀ ಜೀರುಂಡೆ. ಆನೆ ಹತ್ತಿರ ಬಂದಂತೆ ಹಿಂದಿನ ಸಾಲಿನಿಂದ ಒಂದೊಂದೇ ಜೀರುಂಡೆಯನ್ನು ನಿಲ್ಲಿಸುತ್ತಾ ಬಂದೆ. ಆ ಜೀರುಂಡೆ ಸದ್ದು ಸಕಲೇಶಪುರ ಕಡೆಯ ತೋಟದಲ್ಲೇ ರಾತ್ರಿ ಕೂತು ಹಿಡಿದದ್ದು. ಲೈಬ್ರರಿಯಲ್ಲಿ ಸಿಗುವ ಕಾಡು ಹೆಚ್ಚಾಗಿ ಹೊರದೇಶದ್ದು, ಮಲೆನಾಡಿನವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಇರುವ ಹೊಂದಾಣಿಕೆಯ ವಿಷಯ ಚಿಕ್ಕದು, ಆದರೆ ಹೇಳಲೇಬೇಕು. ಒಂದು ಫ್ರೇಮಿನ ಹೊತ್ತಿಗೆ, ಅಂದರೆ ಸೆಕೆಂಡಿನ 24ನೇ ಒಂದು ಭಾಗದಲ್ಲಿ, ಸದ್ದು ಓಡುವುದು ಸುಮಾರು 14 ಮೀಟರ್. ದೊಡ್ಡ ಹಾಲ್‌ನ ಕೊನೇ ಸಾಲಿಗೆ ಹೆಜ್ಜೆ ಸಪ್ಪಳ ಎರಡು ಫ್ರೇಮ್ ತಡವಾಗಿಯೇ ಮುಟ್ಟುತ್ತದೆ. ತುಸು ತಡವಾದ ಸದ್ದನ್ನು ಮನಸ್ಸು ಒಪ್ಪಿಕೊಳ್ಳುತ್ತದೆ. ಕಾಲು ಮುಟ್ಟುವ ಮುಂಚೆಯೇ ಕೇಳಿದರೆ ಮಾತ್ರ ಆನೆ ಸುಳ್ಳು ಅನಿಸಿಬಿಡುತ್ತದೆ. ಅದಕ್ಕೇ ಸದ್ದನ್ನು ಚಿತ್ರಕ್ಕಿಂತ ಮುಂದೆ ನಾನು ಯಾವತ್ತೂ ಇಡುವುದಿಲ್ಲ.

ನನಗೆ ನೋವು ಕೊಡುವುದು ವಾಲ್ಯೂಮ್ ವಿಷಯ. ನಾವು ಮಿಕ್ಸ್ ಮಾಡುವುದು ಥಿಯೇಟರಿನ ಸೌಂಡ್ ಪ್ರೊಸೆಸರಿನಲ್ಲಿ 7 ಅಂತ ಗುರುತಿರುವ ಮಟ್ಟಕ್ಕೆ. ಎಷ್ಟೋ ಕಡೆ ಅದನ್ನು 5ಕ್ಕೆ ಇಳಿಸಿರುತ್ತಾರೆ. ಚಿತ್ರಗಳು ಕಿರುಚುತ್ತವೆ ಅನ್ನೋ ಜನರ ದೂರಿನಲ್ಲೂ ನ್ಯಾಯ ಇದೆ. ಆದರೆ ಸದ್ದು ಇಳಿದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಕೆಳದನಿಯನ್ನು. ಮಾತು ಕೇಳಿಸುತ್ತದೆ, ಆನೆ ಹೋಗಿಬಿಡುತ್ತದೆ. ಮೊಬೈಲಿನಲ್ಲಂತೂ 40 ಹರ್ಟ್ಸ್ ಇಲ್ಲವೇ ಇಲ್ಲ. ಒಟಿಟಿಗೆ ಬೇರೆ ಮಿಕ್ಸ್ ಮಾಡುವಾಗ ಆ ಕೆಳದನಿಯ ಮೇಲಿನ ಪಟ್ಟುಗಳನ್ನು, ಅಂದರೆ ಅದರ ಎರಡರಷ್ಟು, ಮೂರರಷ್ಟು ಹರ್ಟ್ಸ್‌ನ ದನಿಗಳನ್ನು, ಸ್ವಲ್ಪ ಎತ್ತಿದೆ. ಆಗ ಮೂಲ ದನಿ ಸ್ಪೀಕರಿನಲ್ಲಿ ಬರದಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಆದರೂ ಫೋನಿನಲ್ಲಿ ಆನೆಯನ್ನು ನಿಜವಾಗಿ ಉಳಿಸಿದ್ದು ಸಿಗಿದು ಮುರಿದ ಆ ಹಸಿ ರೆಂಬೆಯೇ. ಅದರ ಸದ್ದು ಎಷ್ಟು ಚಿಕ್ಕ ಸ್ಪೀಕರಿನಲ್ಲೂ ಬರುತ್ತದೆ.

ಎಲ್ಲಿ ಕೂತು ನೋಡಿದರೆ ಚೆಂದ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಮಿಕ್ಸಿಂಗ್ ಥಿಯೇಟರಿನಲ್ಲಿ ಸದ್ದು ಬೆರೆಸುವ ನಮ್ಮ ಮೇಜು (ಕನ್ಸೋಲ್) ಇರುವುದು ಪರದೆಯಿಂದ ಹಾಲ್‌ನ ಉದ್ದದ ಸುಮಾರು ಮೂರನೇ ಎರಡರಷ್ಟು ಹಿಂದೆ, ನಡು ಮಧ್ಯ. ಟಿಕೆಟ್ ತೆಗೆಯುವಾಗ ಅಲ್ಲಿನ ಸೀಟು ಹುಡುಕಿ. ಕೊನೇ ಸಾಲಿನಲ್ಲಿ ಹಿಂದಿನ ಸ್ಪೀಕರ್ ತೀರಾ ಹತ್ತಿರ ಇರುತ್ತದೆ, ಮಾತಿಗಿಂತ ಜೀರುಂಡೆಯೇ ಜಾಸ್ತಿ ಕೇಳಿಸೀತು.